ಕಂಪನಿ ಬಂತಾ?

ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ಹಾಸ್ಟೆಲ್‌ನಲ್ಲಿ ದಿನಾ ಕೇಳಿಬರುತ್ತಿದ್ದ ಪ್ರಶ್ನೆ ಇದು. ಮಳೆ ಬಂತಾ, ಬಸ್ ಬಂತಾ ಅಂತ ಕೇಳುತ್ತೇವಲ್ಲ, ಹಾಗೆ. ಕಂಪನಿ ಅನ್ನುವುದು ತಾನಾಗಿ ಬರುವಂಥದ್ದು. ನಾವು ಕಾಯುವವರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಸೀನಿಯರ್ ಹತ್ತಿರ ಕಡ ತಂದ ಟೈ, ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನ ಐದು ಜೆರಾಕ್ಸ್.

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಹತ್ತು ವರ್ಷವಾಯಿತು. ಇಲ್ಲಿನ ಹುಡುಗರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಲು ಎರಡು ಮೂರು ಸಲ ನೋಡಿದ್ದೇನೆ. ತಲೆಗೆ ಹೋಗುವುದಿಲ್ಲ. ‘ಕಂಪನಿಯವರು ಕಾಲೇಜಿಗೆ ಬಂದು, ಒಂದೆರಡು ದಿನದಲ್ಲಿ ಪರೀಕ್ಷೆ ಮುಗಿಸಿ, ನೂರಾರು ಜನರನ್ನು ಒಟ್ಟಿಗೇ ತೆಗೆದುಕೊಳ್ಳುತ್ತಾರಾ? ಯಾವ ಕೆಲಸಕ್ಕೆ?’ ಅಂತ ಒಬ್ಬಳು ಕೇಳಿದಳು. ಆ ಕೊನೆಯ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನನಗೆ ಆಫರ್ ಲೆಟರ್ ಸಿಕ್ಕ ದಿನ ನನಗೂ ಗೊತ್ತಿರಲಿಲ್ಲ. ‘ಟ್ರೇನಿ’ ಅಂತ ಬರೆದಿತ್ತು, ಅಷ್ಟೇ.

ನನ್ನದು ಶಿವಮೊಗ್ಗ. ವಿಟಿಯು, ಮೆಕ್ಯಾನಿಕಲ್, 2012ರಲ್ಲಿ ಮುಗಿಸಿದವನು. ಥ್ರೂಔಟ್ 60 ಪರ್ಸೆಂಟ್ ಇತ್ತು, ಬ್ಯಾಕ್‌ಲಾಗ್ ಇರಲಿಲ್ಲ, ಹಾಗಾಗಿ ‘ಎಲಿಜಿಬಲ್’. ಆಪ್ಟಿಟ್ಯೂಡ್ ಪರೀಕ್ಷೆಗೆ ಒಂದು ವರ್ಷ ರೈಲು, ದೋಣಿ, ನಲ್ಲಿ ತೊಟ್ಟಿಯ ಲೆಕ್ಕ ಮಾಡಿದ್ದೆ. ಆಫರ್ ಬಂತು, ವರ್ಷಕ್ಕೆ 3.25 ಲಕ್ಷ. ಮನೆಯಲ್ಲಿ ಹೋಳಿಗೆ ಮಾಡಿದರು. ಜಾಯ್ನಿಂಗ್ ಡೇಟ್ ಮಾತ್ರ ಹನ್ನೊಂದು ತಿಂಗಳು ಬರಲಿಲ್ಲ. ‘ಏನಪ್ಪಾ, ಇನ್ನೂ ಮನೆಯಲ್ಲೇ ಇದೀಯ?’ ಅನ್ನುವವರಿಗೆ ಉತ್ತರ ಕೊಟ್ಟೂ ಕೊಟ್ಟೂ, ಕೊನೆಗೆ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟೆ. ಆಮೇಲೆ ಕರೆದರು. ಎರಡು ವರ್ಷ ಬೆಂಗಳೂರಿನಲ್ಲಿ ಕೂತು ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡಿದೆ. ಥರ್ಮೋಡೈನಾಮಿಕ್ಸ್‌ನಲ್ಲಿ 82 ತೆಗೆದವನು ನಾನು.

ತಮಾಷೆ ಅಂದರೆ, ಮೆಕ್ಯಾನಿಕಲ್ ಕೆಲಸಕ್ಕೂ ನಾನು ಲಾಯಕ್ಕಾಗಿರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಪೆಡಲ್ ತುಳಿದು ನೀರೆತ್ತುವ ಪಂಪು ‘ಮಾಡಿದ್ದೆವು’. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ವೆಲ್ಡಿಂಗ್‌ನವರು ಮಾಡಿಕೊಟ್ಟರು, ನಾವು ನಿಂತು ನೋಡಿದೆವು. ‘ಎಷ್ಟು ಗೇಜಿನ ಶೀಟ್ ಹಾಕ್ಲಿ ಸಾರ್?’ ಅಂತ ಅವರು ಕೇಳಿದರು. ಗೇಜು ಅಂದರೆ ತಗಡಿನ ದಪ್ಪದ ಅಳತೆ. ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಸರಿ, ಹದಿನಾರು ಹಾಕ್ತೀನಿ ಬಿಡಿ’ ಅಂದರು. ಪ್ರಾಜೆಕ್ಟ್‌ಗೆ ನೂರಕ್ಕೆ ತೊಂಬತ್ತೈದು ಬಂತು. ನ್ಯಾಯವಾಗಿ ಅವರಿಗೆ ಹೋಗಬೇಕಾದ ಮಾರ್ಕ್ಸು.

2015ರಲ್ಲಿ ಮಾಸ್ಟರ್ಸ್ ಮಾಡಲು ಇಲ್ಲಿಗೆ ಬಂದೆ. ಮೊದಲ ವಾರ ಕಾಲೇಜಿನ ಕಚೇರಿಯಲ್ಲಿ ‘ಪ್ಲೇಸ್‌ಮೆಂಟ್ ಸೆಲ್ ಎಲ್ಲಿದೆ?’ ಅಂತ ಕೇಳಿದೆ. ಹಾಗೆಂದರೇನು ಅಂದರು. ಕರಿಯರ್ ಸರ್ವಿಸ್ ಅಂತ ಒಂದು ಕೋಣೆ ಇತ್ತು. ಬಯೋಡೇಟಾ ತೋರಿಸಿದರೆ ತಿದ್ದಿಕೊಡುತ್ತಾರೆ. ವರ್ಷಕ್ಕೆ ಒಂದೆರಡು ಸಲ ಕಂಪನಿಗಳು ಬಂದು ಮೇಳದಲ್ಲಿ ಅಂಗಡಿ ಹಾಕುತ್ತವೆ, ಪೆನ್ನು ಕೊಡುತ್ತವೆ, ‘ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ’ ಅನ್ನುತ್ತವೆ. ಅಷ್ಟಕ್ಕೇ ಮುಗಿಯಿತು. ಇಲ್ಲಿ ಯಾವ ಕಂಪನಿಯೂ ‘ಬರುವುದಿಲ್ಲ’.

ಹಾಗಾದರೆ ಇಲ್ಲಿಯವರಿಗೆ ಕೆಲಸ ಸಿಗುವುದು ಹೇಗೆ? ಸ್ವಲ್ಪ ಸ್ವಲ್ಪವೇ. ಓದುತ್ತಿರುವಾಗಲೇ ಕಂಪನಿಯಲ್ಲಿ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಹಾಗೆ ಮಾಡುವವರಿಗೆ ‘ವೆರ್ಕ್‌ಸ್ಟುಡೆಂಟ್’ ಅನ್ನುತ್ತಾರೆ. ಕಾಫಿ ತಂದುಕೊಡುವ ಕೆಲಸವಲ್ಲ, ನಮ್ಮ ಓದಿಗೆ ಸಂಬಂಧಪಟ್ಟದ್ದೇ. ಅದು ಬಿಟ್ಟರೆ ಅನ್ವಯಿಕ ವಿಜ್ಞಾನದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಂದು ಇಡೀ ಸೆಮಿಸ್ಟರ್ ಕಂಪನಿಯಲ್ಲಿ ಕಳೆಯಬೇಕು. ಹೆಚ್ಚಾಗಿ ಅದು ಓದಿನ ಮಧ್ಯದಲ್ಲೇ ಬರುತ್ತದೆ, ಕೊನೆಯಲ್ಲಲ್ಲ. ಕೊನೆಯ ಥೀಸಿಸ್ಸನ್ನೂ ಎಷ್ಟೋ ಜನ ಕಂಪನಿಯಲ್ಲೇ ಮಾಡುತ್ತಾರೆ. ಡಿಗ್ರಿ ಕೈಗೆ ಬರುವಷ್ಟರಲ್ಲಿ ಎರಡು ಮೂರು ಕಡೆಯ ಒಳಮನೆ ನೋಡಿರುತ್ತಾರೆ. ಯಾವ ಕೆಲಸ ತನಗೆ ಬೇಡ ಅನ್ನುವುದಂತೂ ಗೊತ್ತಾಗಿರುತ್ತದೆ.

ನನಗೆ ಸಿಕ್ಕಿದ್ದು ಗೇರ್ ತಯಾರಿಸುವ ಸಣ್ಣ ಕಂಪನಿಯೊಂದರ ಅಳತೆ ಕೋಣೆ. ಗಂಟೆಗೆ ಕನಿಷ್ಠ ಕೂಲಿ, ಆಗ 8.50 ಯೂರೋ. ಅದೇ ವರ್ಷ ಜನವರಿಯಲ್ಲಷ್ಟೇ ಕನಿಷ್ಠ ಕೂಲಿಯ ಕಾನೂನು ಜಾರಿಗೆ ಬಂದಿತ್ತು, ನನ್ನ ಪುಣ್ಯ. ಅಲ್ಲಿದ್ದ ವಯಸ್ಸಾದ ಮೈಸ್ಟರ್, ಅಂದರೆ ನಮ್ಮ ಕಡೆಯ ಮೇಸ್ತ್ರಿ ಅನ್ನಿ, ಮೊದಲ ದಿನ ಒಂದು ಶಾಫ್ಟು, ಒಂದು ಮೈಕ್ರೋಮೀಟರ್ ಕೊಟ್ಟು ಮೂವತ್ತು ಸಲ ಅಳತೆ ಮಾಡು ಅಂದರು. ಅದೇ ಶಾಫ್ಟು, ಅದೇ ಜಾಗ. ಬರೆದುಕೊಂಡೆ. ಒಂದೊಂದು ಸಲ ಒಂದೊಂದು ಅಂಕೆ. ‘ನಿನ್ನ ಕೈ ಎಷ್ಟು ತಪ್ಪು ಮಾಡುತ್ತದೆ ಅಂತ ಮೊದಲು ತಿಳಿದುಕೋ. ಶಾಫ್ಟಿನ ತಪ್ಪು ಆಮೇಲೆ ಹುಡುಕೋಣ’ ಅಂದರು. ನಾಲ್ಕು ವರ್ಷದ ಮೆಟ್ರಾಲಜಿ, ಕ್ವಾಲಿಟಿ, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಆ ಮಧ್ಯಾಹ್ನ ಒಟ್ಟಿಗೆ ಅರ್ಥವಾಯಿತು. ಅಳು ಬಂತು ಅಂದರೆ ಜಾಸ್ತಿಯಾದೀತು. ಆದರೆ ಹೊಟ್ಟೆ ಉರಿಯಿತು.

ಇಲ್ಲಿಯ ಇನ್ನೊಂದು ಪದ್ಧತಿ ನನಗೆ ಬಹಳ ಮಜಾ ಅನಿಸುತ್ತದೆ. ಕೆಲಸ ಬಿಡುವಾಗ ಕಂಪನಿಯವರು ಒಂದು ಪತ್ರ ಕೊಡಬೇಕು, ‘ಆರ್ಬೈಟ್ಸ್‌ತ್ಸೊಯ್ಗ್ನಿಸ್’ ಅಂತ. ಅದನ್ನು ಪಡೆಯುವುದು ಕಾನೂನು ಕೊಟ್ಟ ಹಕ್ಕು. ಏನೇನು ಕೆಲಸ ಮಾಡಿದ, ಹೇಗೆ ಮಾಡಿದ, ಎಲ್ಲ ಅದರಲ್ಲಿ ಇರಬೇಕು. ಆದರೆ ಕೆಲಸಗಾರನ ಭವಿಷ್ಯಕ್ಕೆ ಕಲ್ಲು ಹಾಕುವ ಹಾಗೆ ಬರೆಯುವಂತಿಲ್ಲ. ಸುಳ್ಳೂ ಹೇಳುವಂತಿಲ್ಲ. ಹಾಗಾಗಿ ಒಂದು ಗುಪ್ತ ಭಾಷೆಯೇ ಹುಟ್ಟಿಕೊಂಡಿದೆ. ‘ಯಾವಾಗಲೂ ನಮಗೆ ಪರಿಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಅಂದರೆ ಫಸ್ಟ್ ಕ್ಲಾಸ್. ‘ಯಾವಾಗಲೂ’ ಬಿಟ್ಟುಹೋಗಿ ಬರೀ ‘ಪೂರ್ಣ ತೃಪ್ತಿ’ ಅಂತಿದ್ದರೆ ಸಾಧಾರಣ. ‘ಪ್ರಯತ್ನಪಟ್ಟರು’ ಅಂತ ಬರೆದರೆ ಮುಗಿಯಿತು, ಏನೂ ಬರಲಿಲ್ಲ ಅಂತ ಅರ್ಥ. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು ಅಂತ ಹೊಗಳಿ ಬೇರೇನೂ ಬರೆಯದಿದ್ದರೆ, ಹೊಗಳಲು ಬೇರೇನೂ ಇರಲಿಲ್ಲ ಅಂತ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಹುಡುಗ ತುಂಬಾ ಸಾಧು’ ಅಂತಾರಲ್ಲ, ಆ ಥರ. ನನ್ನ ಮೊದಲ ಪತ್ರ ಓದಿ ನಾನು ಹಿಗ್ಗಿದ್ದೆ. ಆಫೀಸಿನ ಗೆಳೆಯನೊಬ್ಬ ಓದಿ, ‘ಇದು ಬರೀ ಬಿ ಗ್ರೇಡ್ ಕಣಯ್ಯಾ’ ಅನ್ನುವಂತೆ ಮುಖ ಮಾಡಿದ.

ಇಷ್ಟು ಓದಿ ‘ಜರ್ಮನಿ ಸ್ವರ್ಗ, ನಮ್ಮದೆಲ್ಲ ದಂಡ’ ಅಂತ ಇವನು ಹೇಳಲು ಹೊರಟಿದ್ದಾನೆ ಅಂದುಕೊಳ್ಳಬೇಡಿ. ಹೊರಗೆ ಹೋದವರ ಈ ಚಟ ನನಗೂ ಆಗುವುದಿಲ್ಲ.

ಇಲ್ಲಿ ‘ವಿಟಮಿನ್ ಬಿ’ ಅಂತ ಒಂದು ಮಾತಿದೆ. ಬಿ ಅಂದರೆ ‘ಬೆತ್ಸೀಹುಂಗನ್’, ಪರಿಚಯಗಳು. ನಮ್ಮ ಭಾಷೆಯಲ್ಲಿ ವಶೀಲಿ. ಅಷ್ಟು ಕೆಟ್ಟ ಅರ್ಥದಲ್ಲಲ್ಲ ಅಂತ ಇವರು ಹೇಳುತ್ತಾರೆ. ನನ್ನ ಥೀಸಿಸ್ ಮುಗಿದ ಮೇಲೆ ಎಪ್ಪತ್ತಕ್ಕಿಂತ ಜಾಸ್ತಿ ಅರ್ಜಿ ಹಾಕಿದೆ. ಕೊನೆಗೆ ಕೆಲಸ ಸಿಕ್ಕಿದ್ದು ಆ ಮೈಸ್ಟರ್ ತನ್ನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದ್ದರಿಂದ. ಅಪ್ಪ ಇಂಜಿನಿಯರ್ ಆಗಿರುವ ಜರ್ಮನ್ ಹುಡುಗನಿಗೆ ಆ ಫೋನ್ ಹದಿನೆಂಟಕ್ಕೇ ಸಿಗುತ್ತದೆ. ಇನ್ನೂ ಒಂದಿದೆ. ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆ ಬೇರೆ ಥರದ ಶಾಲೆಗೆ ಹಂಚುತ್ತಾರೆ. ಹತ್ತು ವರ್ಷದ ನನ್ನನ್ನು ಯಾರಾದರೂ ನೋಡಿದ್ದರೆ ಖಂಡಿತ ಇಂಜಿನಿಯರಿಂಗ್ ಕಡೆ ಕಳಿಸುತ್ತಿರಲಿಲ್ಲ.

ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಅಪ್ಪ ಯಾರು ಅಂತ ಬೇಕಿಲ್ಲ. ನಮ್ಮಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಬೆಂಗಳೂರಿನಲ್ಲಿ ಅವರಿಗೆ ಗೊತ್ತಿದ್ದದ್ದು ಒಂದು ಲಾಡ್ಜು, ಒಂದು ಹೋಟೆಲ್ಲು. ನನ್ನ ತಂಗಿಗೆ 2014ರಲ್ಲಿ ಕ್ಯಾಂಪಸ್‌ನಲ್ಲೇ ಕೆಲಸವಾಯಿತು. ಅವಳ ಜೊತೆ ಅದೇ ಕ್ಲಾಸಿನ ಆರು ಹುಡುಗಿಯರು. ಎಲ್ಲರೂ ಒಟ್ಟಿಗೆ ಒಂದೇ ಪಿಜಿಗೆ ಹೋಗುತ್ತಾರೆ ಅಂದದ್ದಕ್ಕೇ ಅಪ್ಪ ಒಪ್ಪಿದ್ದು. ‘ನಾನೇ ಅರ್ಜಿ ಹಾಕಿ, ಒಬ್ಬಳೇ ಹೋಗಿ ಇಂಟರ್‌ವ್ಯೂ ಕೊಟ್ಟು ಬರ್ತೀನಿ’ ಅಂದಿದ್ದರೆ ಆ ವರ್ಷವೇ ಮದುವೆ ಮಾಡಿಬಿಡುತ್ತಿದ್ದರು. ಪ್ಲೇಸ್‌ಮೆಂಟನ್ನು ಬೈಯುವವರು ಇದನ್ನು ಮರೆಯುತ್ತಾರೆ.

ಹಾಗಾಗಿ ಕಂಪನಿ ಬರುವುದು ತಪ್ಪಲ್ಲ. ಬರುವ ತನಕ ಸುಮ್ನೆ ಕಾಯುತ್ತೇವಲ್ಲ, ನನ್ನ ತಕರಾರು ಅದರ ಮೇಲೆ. ಒಂದೇ ಒಂದು ವರ್ಕ್‌ಶಾಪಿನ ಒಳಗೆ ಎರಡು ತಿಂಗಳು ಇರದೆ ‘ನನಗೆ ಕೋರ್ (ಓದಿದ ವಿಷಯದ್ದೇ ಕೆಲಸ) ಬೇಕು’ ಅಂತಲೋ ‘ಐಟಿ ಸಾಕು’ ಅಂತಲೋ ನಿರ್ಧಾರ ಮಾಡುತ್ತೇವೆ. ವಿಟಿಯು 2022ರ ಸ್ಕೀಮಿನಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಷಿಪ್ ಇಟ್ಟಿದೆ. ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಪ್ಲೇಸ್‌ಮೆಂಟ್ ಹೆಚ್ಚುಕಡಿಮೆ ಮುಗಿದಿರುತ್ತದೆ. ಊಟ ಆದಮೇಲೆ ರುಚಿ ನೋಡಿದ ಹಾಗೆ. ಜೊತೆಗೆ ದುಡ್ಡು ಕಟ್ಟಿಸಿಕೊಂಡು, ನಾಲ್ಕು ವಿಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಬೆಂಗಳೂರಿನ ತುಂಬ ಇವೆ. ಕಂಪನಿಗೆ ನಾವು ದುಡ್ಡು ಕೊಟ್ಟು ಕೆಲಸ ಮಾಡುವುದು ಅಂದರೇನು ಅಂತ ಇಲ್ಲಿಯವರಿಗೆ ವಿವರಿಸುವ ಸಾಹಸ ನಾನು ಮಾಡಿಲ್ಲ.

ಪಾಠ ಮಾಡುವವರ ಮಾತೂ ಬರಬೇಕು. ಇಲ್ಲಿನ ಅನ್ವಯಿಕ ಕಾಲೇಜುಗಳಲ್ಲಿ ಪ್ರೊಫೆಸರ್ ಆಗಬೇಕಾದರೆ ಸಾಮಾನ್ಯವಾಗಿ ಐದು ವರ್ಷದ ವೃತ್ತಿ ಅನುಭವ ಬೇಕು. ಅದರಲ್ಲಿ ಮೂರು ವರ್ಷವಾದರೂ ವಿಶ್ವವಿದ್ಯಾಲಯದ ಹೊರಗಿನದ್ದಾಗಿರಬೇಕು. ನನಗೆ ಕಲಿಸಿದ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಎಂ.ಟೆಕ್ ಮುಗಿಸಿ ನೇರ ಬೋರ್ಡಿನ ಮುಂದೆ ನಿಂತವರು. ಅವರ ತಪ್ಪಲ್ಲ. ಅವರಿಗೂ ಗೇಜು ಗೊತ್ತಿರಲಿಲ್ಲ.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಇದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷ ಅಲ್ಲಿ, ಇನ್ನೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಇದು ಜರ್ಮನ್ ರೀತಿಗೆ ತೀರಾ ಹತ್ತಿರ. ಆದರೆ ನಮ್ಮ ಬೀದಿಯಲ್ಲಿ ಅದಕ್ಕಿದ್ದ ಹೆಸರು ‘ಪಿಯುಸಿಯಲ್ಲಿ ಸೈನ್ಸ್ ಸಿಗದವರ ಜಾಗ’. ಹಾಗೆ ಹೋದ ನನ್ನ ಹೈಸ್ಕೂಲ್ ಗೆಳೆಯ ಈಗ ಪೀಣ್ಯದಲ್ಲಿ ಹದಿನಾಲ್ಕು ಜನರಿಗೆ ಸಂಬಳ ಕೊಡುತ್ತಾನೆ. ಹೋದ ಸಲ ಊರಿಗೆ ಬಂದಾಗ ಅವನ ಕಾರಿನಲ್ಲೇ ತಿರುಗಾಡಿದೆ.

ಅಕ್ಕನ ಮಗ ಈಗ ಶಿವಮೊಗ್ಗದಲ್ಲೇ ಮೆಕ್ಯಾನಿಕಲ್ ಓದುತ್ತಿದ್ದಾನೆ. ಹೋದ ವರ್ಷ ಫೋನ್ ಮಾಡಿ, ‘ಮಾಮ, ನಾನೂ ಅಲ್ಲಿಗೇ ಬರ್ಲಾ?’ ಅಂದ. ಬೇಡ ಅನ್ನಲಿಲ್ಲ. ಲೆಕ್ಕ ಮಾತ್ರ ಹೇಳಿದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅಂದರೆ ಹನ್ನೊಂದು ಲಕ್ಷಕ್ಕೂ ಜಾಸ್ತಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು. ಫೋಕ್ಸ್‌ವಾಗನ್ನಿನವರೇ 2030ರೊಳಗೆ 35,000ಕ್ಕಿಂತ ಹೆಚ್ಚು ಹುದ್ದೆ ಕಡಿಮೆ ಮಾಡುತ್ತೇವೆ ಅಂತ 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡರು. ಜರ್ಮನ್ ಭಾಷೆ ಸರಿಯಾಗಿ ಬಾರದ ನಮ್ಮ ಹುಡುಗರು ಮಾಸ್ಟರ್ಸ್ ಮುಗಿಸಿ ಸೈಕಲ್ ಮೇಲೆ ಊಟ ತಲುಪಿಸುತ್ತಿರುವುದನ್ನು ನಾನೇ ನೋಡುತ್ತಿದ್ದೇನೆ. ‘ಹಾಗಾದ್ರೆ ಏನ್ ಮಾಡ್ಲಿ?’ ಅಂದ. ‘ಮಾಚೇನಹಳ್ಳಿಗೆ ಹೋಗು. ಬಸ್ ಚಾರ್ಜ್ ಎಷ್ಟು?’ ಅಂದೆ.

ಶಿವಮೊಗ್ಗ ಫೌಂಡ್ರಿಗಳ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳ ಊರು. ಮಾಚೇನಹಳ್ಳಿ ಅಲ್ಲಿನ ಕೈಗಾರಿಕಾ ಪ್ರದೇಶ. ಬೆಳಗಾವಿಯ ಉದ್ಯಮಬಾಗ್‌ನಲ್ಲೂ ಹಾಗೇ. ಆದರೂ ಎರಡೂ ಊರಿನ ಮೆಕ್ಯಾನಿಕಲ್ ಹುಡುಗರು ಬೆಂಗಳೂರಿನ ಟ್ರೈನಿಂಗ್ ಸೆಂಟರ್‌ಗೆ ದುಡ್ಡು ಸುರಿಯುತ್ತಾರೆ.

ಅವನು ಹೋದ. ಮೊದಲನೆಯ ಕಡೆ ಸೆಕ್ಯುರಿಟಿಯೇ ಗೇಟಿನಲ್ಲಿ ಓಡಿಸಿದ. ಎರಡನೆಯ ಕಡೆ ಕಾಲೇಜಿನಿಂದ ಲೆಟರ್ ತಾ ಅಂದರು, ಕಾಲೇಜಿನವರು ಯಾಕೆ ಅಂದರು. ಮೂರನೆಯ ಕಡೆ ಮಾಲೀಕರು, ‘ಸಂಬಳ ಇಲ್ಲ, ಮಧ್ಯಾಹ್ನ ಊಟ ಇದೆ, ಬೆಳಿಗ್ಗೆ ಆರಕ್ಕೆ ಬರ್ಬೇಕು’ ಅಂದರು. ರಜೆಯ ಎರಡು ತಿಂಗಳು ಹೋದ. ಎರಕದಲ್ಲಿ ಗಾಳಿ ತೂತು ಯಾಕೆ ಬರುತ್ತದೆ, ಯಾವ ಶಿಫ್ಟಿನಲ್ಲಿ ಜಾಸ್ತಿ, ಮರಳಿನಲ್ಲಿ ತೇವ ಹೆಚ್ಚಾದರೆ ಏನಾಗುತ್ತದೆ ಅಂತ ದಿನಾ ಎಕ್ಸೆಲ್‌ನಲ್ಲಿ ಬರೆದಿಟ್ಟ. ಸಂಜೆ ನನಗೆ ವಾಟ್ಸ್ಯಾಪ್‌ನಲ್ಲಿ ಫೋಟೋ. ಕೈ ತುಂಬ ಮಸಿ. ಅಕ್ಕ ನನಗೆ ಬೈದಳು, ‘ಇಂಜಿನಿಯರಿಂಗ್ ಓದೋ ಹುಡುಗನ್ನ ಕೂಲಿಗೆ ಕಳಿಸ್ದೆ ಅಲ್ವಾ ನೀನು’ ಅಂತ.

ಕೊನೆಯ ದಿನ ಒಂದು ಪತ್ರ ಕೇಳು ಅಂದೆ. ಮಾಲೀಕರಿಗೆ ಇಂಥದ್ದು ಬರೆದು ಅಭ್ಯಾಸವಿಲ್ಲ ಅಂತೆ. ನಾನೇ ಜರ್ಮನ್ ಮಾದರಿಯಲ್ಲಿ ಎರಡು ಪುಟ ಟೈಪ್ ಮಾಡಿ ಕಳಿಸಿದೆ, ‘ಯಾವಾಗಲೂ ಪರಿಪೂರ್ಣ ತೃಪ್ತಿ’ ಸಮೇತ. ಅವರು ಓದಿ ನಕ್ಕು, ಅದನ್ನು ಪಕ್ಕಕ್ಕಿಟ್ಟು, ಫೌಂಡ್ರಿಯ ಲೆಟರ್‌ಹೆಡ್ಡಿನ ಮೇಲೆ ತಾವೇ ಕೈಯಲ್ಲಿ ಬರೆದುಕೊಟ್ಟರು: ‘ಹುಡುಗ ಒಳ್ಳೆಯವನು. ಮರಳಿನ ತೇವಾಂಶ ನೋಡಲು ಬರುತ್ತದೆ.’