ಆ ಮೊಣಕೈ ಯಾರದು?

ಭಾನುವಾರ ಕೊಡಗಿನ ವಿರಾಜಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಚೆನ್ನಾಗಿತ್ತು, ಜನರೂ ಚೆನ್ನಾಗಿ ಮಾತಾಡಿಸಿದರು. ಆದರೂ ಮನೆಗೆ ಬಂದಾಗಿನಿಂದ ತಲೆ ಕೆಟ್ಟಿದೆ. ಯಾರ ಮನೆ ಮದುವೆ ಅಂತ ಇನ್‌ಬಾಕ್ಸಿಗೆ ಬಂದು ಕೇಳಬೇಡಿ, ಹೇಳಲ್ಲ.

ಮಂಟಪದ ಬಾಗಿಲಲ್ಲಿ ಆಳೆತ್ತರದ ಹಳೇ ಫೋಟೋ ಒಂದನ್ನು ನಿಲ್ಲಿಸಿದ್ದರು. ಮದುಮಗನ ಮುತ್ತಜ್ಜನ ಮದುವೆಯದು, 1938ರದು. ಐನ್‌ಮನೆಯ, ಅಂದರೆ ಕುಲದ ಮೂಲ ಮನೆಯ, ಮೆಟ್ಟಿಲ ಮೇಲೆ ಗಂಡಸರ ಸಾಲು. ಉದ್ದ ಕೋಟಿನಂಥ ಕುಪ್ಯ, ಸೊಂಟಕ್ಕೆ ಕಟ್ಟಿದ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಒಬ್ಬರ ಮುಖದಲ್ಲೂ ನಗು ಇಲ್ಲ, ಸಾಲ ವಸೂಲಿಗೆ ಬಂದವರ ಹಾಗೆ ನಿಂತಿದ್ದಾರೆ. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ನಾನೂ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಣ್ಣಿಗೆ ಬಿತ್ತು. ಎಡಗಡೆ ಅಂಚಿನಲ್ಲಿ ಒಂದು ಮೊಣಕೈ. ಬರೀ ಮೊಣಕೈ. ಅದರ ಮೇಲೆ ಬೆಳ್ಳಗೆ ಒಂದು ಕಲೆ.

ಆ ಕಲೆ ಹೊಗೆ ಅಂತ ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಅದೇ ಮನೆಯಲ್ಲಿ ತಗಡಿನ ಟ್ರಂಕಿನಿಂದ ತೆಗೆದು ಮೂಲ ಫೋಟೋ ತೋರಿಸಿದ್ದರು. ಅಂಗಳದ ಮೂಲೆಯಲ್ಲಿ ಕಲ್ಲಿಟ್ಟು ಹೂಡಿದ ಒಲೆ, ಅದರ ಮೇಲೆ ಕೊಪ್ಪರಿಗೆ. ಹಿಂದೆ ನೆರಿಗೆ ಹಾಕಿ ಸೀರೆ ಉಟ್ಟ ಒಬ್ಬ ಹೆಂಗಸು ಮರದ ಹುಟ್ಟು ಹಿಡಿದು ಬಗ್ಗಿದ್ದಾಳೆ. ಇಡೀ ಫೋಟೋದಲ್ಲಿ ಕ್ಯಾಮೆರಾ ಕಡೆ ನೋಡದವಳು ಅವಳೊಬ್ಬಳೇ. ತಳ ಹಿಡಿದರೆ ಬೈಸಿಕೊಳ್ಳುವವಳು ಅವಳು ತಾನೇ!

ಫ್ರೇಮ್ ಮಾಡಿಸಿದ ಹುಡುಗನನ್ನು ಹಿಡಿದು ಕೇಳಿದೆ. "ಆಂಟಿ, ಆ ಸೈಡ್ ಸ್ವಲ್ಪ ಗಲೀಜಾಗಿತ್ತು, ಕ್ರಾಪ್ ಮಾಡಿಸಿದೆ" ಅಂದ. ಗಲೀಜು! ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಊಟದ ಕೌಂಟರ್. ಅದರ ಮೇಲೆ ದೊಡ್ಡ ಬೋರ್ಡು, 'ಅಜ್ಜಿ ಕೈರುಚಿಯ ಪಂದಿಕರಿ', ಅಂದರೆ ನಮ್ಮ ಹಂದಿಮಾಂಸದ ಅಡಿಗೆ. ಫೋಟೋದಿಂದ ಅಜ್ಜಿಯನ್ನು ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದಾರೆ.

ಆ ಮನೆಯ ಹಿರಿಯರೊಬ್ಬರನ್ನು ಅವಳು ಯಾರು ಅಂತ ಕೇಳಿದೆ. "ಅಡಿಗೆಗೆ ಬಂದವರು ಯಾರೋ ಇರಬೇಕು" ಅಂದರು. ಇದೇ ಹಿರಿಯರು ಸಾಲಿನಲ್ಲಿದ್ದ ಹದಿನಾರು ಗಂಡಸರ ಹೆಸರನ್ನು ಎಡದಿಂದ ಬಲಕ್ಕೆ ಉಸಿರು ಬಿಡದೆ ಹೇಳಿದ್ದರು. ಯಾರೋ ಅಂತೆ. ನೆಂಟಳೇ ಇರಬಹುದು, ಪಕ್ಕದ ಮನೆಯವಳಿರಬಹುದು, ತೋಟದ ಆಳುಗಳ ಲೈನ್‌ಮನೆಯಿಂದ ಬಂದವಳಿರಬಹುದು. ಕೇಳಿದವರಿಲ್ಲ, ಬರೆದಿಟ್ಟವರಿಲ್ಲ.

ಆಗಿನ ಕ್ಯಾಮೆರಾಕ್ಕೆ ಬೆಳಕು ಜಾಸ್ತಿ ಬೇಕಿತ್ತು, ಹೊಗೆ ತುಂಬಿದ ಅಡಿಗೆಮನೆಯಲ್ಲಿ ಫೋಟೋ ತೆಗೆಯೋದು ಹೇಗೆ ಅಂತ ಯಾರಾದರೂ ಕಮೆಂಟ್ ಹಾಕುತ್ತೀರಿ, ಗೊತ್ತು. ಸರಿ, ಮನೆಯೊಳಗಿನ ಅಡಿಗೆಗೆ ಒಪ್ಪಿದೆ. ಆದರೆ ಮದುವೆ ಅಡಿಗೆ ಆಗುತ್ತಿದ್ದದ್ದು ಹೊರಗೆ, ಚಪ್ಪರದ ಪಕ್ಕ, ಹಾಡುಹಗಲಲ್ಲಿ. ಬೆಳಕಿಗೇನು ಬರ ಇತ್ತು? ಕ್ಯಾಮೆರಾ ಅತ್ತ ತಿರುಗಲಿಲ್ಲ, ಅಷ್ಟೇ.

ಬರೆಯುವವರೂ ಇಲ್ಲದೆ ಇರಲಿಲ್ಲ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ರಿಕ್ಟರ್ ಪಾದ್ರಿ 1870ರಲ್ಲೇ ಕೊಡಗಿನ ಜನ, ಮನೆ, ಉಡುಪು, ಹಬ್ಬಗಳ ಬಗ್ಗೆ ದಪ್ಪ ಪುಸ್ತಕ ಮಾಡಿದರು. ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಜನಪದ ಹಾಡುಗಳನ್ನು ಕೇಳಿ ಕೇಳಿ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಅದಕ್ಕೇ ಮದುವೆ ಹಾಡು, ಸುಗ್ಗಿಹಬ್ಬ ಪುತ್ತರಿಯ ಹಾಡು ನಮಗೆ ಉಳಿದವು. ಹಾಡಿದವರ ಬಾಯಿಗೆ ಸಿಕ್ಕ ಅದೃಷ್ಟ ಬೇಯಿಸಿದವರ ಕೈಗೆ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ, ನೋಡಿ. ಮಳೆಗಾಲದ ಕಕ್ಕಡ ತಿಂಗಳ 18, ಮದ್ದುಸೊಪ್ಪು ತಿನ್ನುವ ದಿನ, ಬಂದರೆ ಸಾಕು, ನನ್ನ ಫೀಡ್ ತುಂಬ ಆ ಸೊಪ್ಪಿನ ನೇರಳೆ ಬಣ್ಣದ ಪಾಯಸ. ಬಟ್ಟಲು ಇದೆ, ಚಮಚ ಇದೆ, ಪಕ್ಕದಲ್ಲಿ ಸುಮ್ನೆ ಒಂದು ಹೂವೂ ಇದೆ. ಮಳೆಯಲ್ಲಿ ಸೊಪ್ಪು ಕಿತ್ತು ಕುದಿಸಿದವರ ಮುಖ ಮಾತ್ರ ಇಲ್ಲ.

ನನ್ನ ಅಜ್ಜಿ ಮದುವೆ ಮನೆಗಳಲ್ಲಿ ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಕಟ್ಟುತ್ತಿದ್ದವರು ಅಂತ ನಿಮ್ಮಲ್ಲಿ ಹಳಬರಿಗೆ ಗೊತ್ತು. ಬೆಂದ ಅಕ್ಕಿತರಿ ಕೈ ಸುಡುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಅಜ್ಜಿಯ ಅಂಗೈ ಹಲಗೆಯ ಹಾಗಿತ್ತು. ಮಳೆಗಾಲದಲ್ಲಿ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಮಡಕೆ ಇಡುತ್ತಿದ್ದರು. ಹಣ್ಣು ಕೊಳೆತು ರಸ ತೊಟ್ಟು ತೊಟ್ಟಾಗಿ ಇಳಿಯೋದು. ಅದನ್ನು ಕಪ್ಪಗೆ, ಮಂದವಾಗುವ ತನಕ ಕುದಿಸಿದರೆ ಕಾಚಂಪುಳಿ, ಪಂದಿಕರಿಗೆ ಹಾಕುವ ಹುಳಿ. ಇಡೀ ಮನೆ ಹುಳಿ ಹುಳಿ ವಾಸನೆ. ನಾವು ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಅಂಥ ಅಜ್ಜಿಯ ಫೋಟೋ ನಮ್ಮ ಮನೆಯಲ್ಲಿ ಇರೋದು ಒಂದೇ, ವೋಟರ್ ಕಾರ್ಡಿನದು. ಅದರಲ್ಲಿ ಯಾರೂ ಅವರ ಹಾಗೆ ಕಾಣಲ್ಲ, ಅವರೂ ಸಹ.

ಇಷ್ಟೆಲ್ಲ ಕೂಗಾಡುವ ನಾನು ಮಾಡಿದ್ದೇನು, ಅದನ್ನೂ ಹೇಳಿಬಿಡುತ್ತೇನೆ. ಮನೆ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ದೊಡ್ಡಪ್ಪನ ಒಂದು ಲೆಕ್ಕದ ಪುಸ್ತಕ ಸಿಕ್ಕಿತ್ತು. ಅತ್ತೆಯ ಮದುವೆ ಲೆಕ್ಕ. ಅಕ್ಕಿ ಎಷ್ಟು ಸೇರು, ಹಂದಿ ಎಷ್ಟು, ಬಾಳೆಲೆ ಯಾರ ಮನೆಯದು, ಹಿಂದಿನ ರಾತ್ರಿ ಕಾಯಿ ತುರಿಯಲು ಯಾರು ಯಾರು ಬಂದಿದ್ದರು, ಎಲ್ಲ ಹೆಸರು ಸಮೇತ. ಅರ್ಧ ಗೆದ್ದಲು ತಿಂದಿತ್ತು. ಗುಜರಿಯವನು ಬಾಗಿಲಲ್ಲೇ ನಿಂತಿದ್ದ. ಕೊಟ್ಟುಬಿಟ್ಟೆ. ಆ ಹುಡುಗ ಕತ್ತರಿಸಿದ್ದು ಒಬ್ಬಳನ್ನು, ನಾನು ತೂಕಕ್ಕೆ ಹಾಕಿದ್ದು ಇಡೀ ಊರನ್ನು. ಅದಕ್ಕೇ ಅವನಿಗೆ ಬೈಯುವಾಗ ಸ್ವರ ಸ್ವಲ್ಪ ಜಾಸ್ತಿಯೇ ಏರಿತು ಅನಿಸುತ್ತದೆ.

ಪೊನ್ನಂಪೇಟೆ ಕಡೆ ಆ ಫೋಟೋದ ಮನೆಯ ಹೆಣ್ಣುಮಗಳೊಬ್ಬರಿದ್ದಾರೆ, ತೊಂಬತ್ತು ದಾಟಿದೆ, ನೆನಪು ಗಟ್ಟಿ. ಗುರುವಾರ ಹೋಗುತ್ತಿದ್ದೇನೆ. ಮೊಣಕೈ ತೋರಿಸಿದರೆ ಅವರೇನು ಹೇಳುತ್ತಾರೆ, ಪೂರ್ತಿ ಫೋಟೋ ಬೇಕು. ಫ್ರೇಮ್ ಮಾಡಿಸಿದ ಹುಡುಗನಿಗೆ ಮೂರು ಸಲ ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದಿದೆ, ಫೈಲ್ ಬಂದಿಲ್ಲ.