ಸೊನ್ನೆ ಬಿಲ್ಲಿನಲ್ಲಿ ಉಳಿತಾಯ ಮಾಡುವುದು ಹೇಗೆ?

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕುವೆಂಪುನಗರದ ನಮ್ಮ ಮನೆಗೆ ಒಬ್ಬ ಹುಡುಗ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪು, ಕೈಯಲ್ಲಿ ಅಳತೆ ಟೇಪು. "ಸಾರ್, ಮಹಡಿ ಮೇಲೆ ಸೋಲಾರ್ ಹಾಕಿ ನಿಮ್ಮ ಕರೆಂಟ್ ಬಿಲ್ ಸೊನ್ನೆ ಮಾಡಿಕೊಡ್ತೀವಿ" ಅಂದ.

"ಈಗಾಗಲೇ ಸೊನ್ನೆ ಇದೆಯಲ್ಲಪ್ಪ" ಅಂದೆ.

ಪಾಪ, ಅವನಿಗೆ ನಂಬಿಕೆ ಬರಲಿಲ್ಲ. ಬಿಲ್ಲು ತಂದು ತೋರಿಸಿದೆ. ಕಟ್ಟಬೇಕಾದ ಮೊತ್ತ: 0. ಅವನು ಅದನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದ. ಅಲ್ಲೇನಾದರೂ ಹಳೇ ಬಾಕಿ ಇರಬಹುದು ಅಂತ.

ನಮ್ಮ ಪರಿಸ್ಥಿತಿ ಹೀಗಿದೆ. ಬೆಂಗಳೂರಿನ ಸರ್ಕಾರ 2023ರಿಂದ ಗೃಹಜ್ಯೋತಿ ಅಂತ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಕರೆಂಟು ಕೊಡುತ್ತಿದೆ. ದೆಹಲಿಯ ಸರ್ಕಾರ 2024ರ ಫೆಬ್ರವರಿಯಲ್ಲಿ ಮಹಡಿ ಸೋಲಾರಿಗೆ ಸೂರ್ಯಘರ್ ಯೋಜನೆ ತಂದು, ಒಂದು ಕೋಟಿ ಮನೆಗೆ 300 ಯೂನಿಟ್‌ವರೆಗೆ ಪುಕ್ಕಟೆ ಕರೆಂಟು ಅಂದಿತು. ಅದಕ್ಕೆ 75,021 ಕೋಟಿ ರೂಪಾಯಿ ಎತ್ತಿಟ್ಟಿತು. ವ್ಯತ್ಯಾಸ ಇಷ್ಟೇ. ಬೆಂಗಳೂರಿನವರ ಪುಕ್ಕಟೆಗೆ ನಾವು ಒಂದು ಅರ್ಜಿ ಹಾಕಿದ್ದರೆ ಸಾಕಿತ್ತು. ದೆಹಲಿಯವರ ಪುಕ್ಕಟೆಯಲ್ಲಿ ಪ್ಯಾನಲ್ ನಿಮ್ಮದು, ಮಹಡಿ ನಿಮ್ಮದು, ಒರೆಸುವ ಬಟ್ಟೆ ನಿಮ್ಮದು. ಮೇಲಿನ ಸೂರ್ಯ ಮಾತ್ರ ಸರ್ಕಾರದ್ದು.

ಹುಡುಗ ಸೋಲೊಪ್ಪಲಿಲ್ಲ. ಲ್ಯಾಪ್‌ಟಾಪು ತೆಗೆದ. 3 ಕಿಲೋವ್ಯಾಟಿಗೆ ಹತ್ತಿರ ಹತ್ತಿರ ಎರಡು ಲಕ್ಷ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ಸಬ್ಸಿಡಿ. ಮೊದಲು ನೀವು ಪೂರ್ತಿ ಹಾಕಿ ಸಾರ್, ಸಬ್ಸಿಡಿ ಆಮೇಲೆ ನಿಮ್ಮ ಅಕೌಂಟಿಗೆ ಬರುತ್ತೆ ಅಂದ. ನಮ್ಮ ಮದುವೆ ಮನೆಗಳಲ್ಲೂ ಹೀಗೇ ಅಲ್ವಾ? ಮೊದಲು ಛತ್ರದವರಿಗೆ ಪೂರ್ತಿ ಕೊಡು, ಆಮೇಲೆ ಮುಯ್ಯಿ ಬರುತ್ತೆ. ಕೈಯಿಂದ ಹೋಗೋದು ಒಂದು ಲಕ್ಷ ಇಪ್ಪತ್ತೆರಡು ಸಾವಿರ. ಇಷ್ಟು ಟೈಪ್ ಮಾಡಿ, "ತಿಂಗಳ ಉಳಿತಾಯ" ಅನ್ನುವ ಮನೆಯಲ್ಲಿ ನಮ್ಮ ಬಿಲ್ಲಿನ ಸೊನ್ನೆ ಹಾಕಿ ಎಂಟರ್ ಒತ್ತಿದ. "ಎಷ್ಟು ವರ್ಷದಲ್ಲಿ ದುಡ್ಡು ವಾಪಸ್" ಅನ್ನುವ ಜಾಗದಲ್ಲಿ ಎಂಥದೋ ಕೆಂಪು ಗುರುತು ಬಂತು. ಸೊನ್ನೆಯಿಂದ ಭಾಗಿಸಕ್ಕಾಗಲ್ಲ ಅಂತ ಲ್ಯಾಪ್‌ಟಾಪು ಕೈಚೆಲ್ಲಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮ ಕಾಫಿ ತಂದುಕೊಟ್ಟರು. ಅರ್ಧ ಲೋಟ ಇಳಿದ ಮೇಲೆ ಹುಡುಗನಿಗೆ ದಾರಿ ಹೊಳೆಯಿತು.

"ಸಾರ್, ನೀವೊಂದು ಎಸಿ ಹಾಕಿಸಿಬಿಡಿ."

"ಮೈಸೂರಲ್ಲಿ ಎಸಿ ಯಾಕಪ್ಪ?"

"ಈಗ ಮೈಸೂರು ಮೊದಲಿನ ಹಾಗಿಲ್ಲ ಸಾರ್. ಎಸಿ ಹಾಕ್ಸಿ, ಇಂಡಕ್ಷನ್ ಒಲೆ ತಗೊಳ್ಳಿ, ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ. ಬಿಲ್ ಆರಾಮಾಗಿ ಎರಡು ಸಾವಿರ ದಾಟುತ್ತೆ. ಆಗ ಸೋಲಾರ್ ಹಾಕಿದ್ರೆ ತಿಂಗಳಿಗೆ ಎರಡು ಸಾವಿರ ಉಳಿತಾಯ! ಐದು ವರ್ಷಕ್ಕೆ ದುಡ್ಡು ವಾಪಸ್. ಪ್ಯಾನಲ್‌ಗೆ 25 ವರ್ಷ ಗ್ಯಾರಂಟಿ. ಮಿಕ್ಕ 20 ವರ್ಷ ಪೂರ್ತಿ ಲಾಭ."

ಬಾವಿಗೆ ಬಿದ್ದರೆ ತಾನೇ ಹಗ್ಗದ ವ್ಯಾಪಾರ ಆಗೋದು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು ಕೇಳಿದರು: "25 ವರ್ಷದ ಗ್ಯಾರಂಟಿ ಪ್ಯಾನಲ್‌ಗೋ, ನಿನ್ನ ಕಂಪನಿಗೋ?" ಹುಡುಗ ಕಾಫಿ ಲೋಟ ಕೆಳಗಿಟ್ಟು, "ಟೆರೇಸ್ ನೋಡಬಹುದಾ ಸಾರ್?" ಅಂದ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತೆ. ಅವನ ಲೆಕ್ಕ ಸುಳ್ಳಲ್ಲ. ನಮ್ಮ ಕಡೆ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮಳೆ, ಮೋಡ, ಧೂಳು ಕಳೆದರೂ 3 ಕಿಲೋವ್ಯಾಟಿಗೆ ತಿಂಗಳಿಗೆ 300 ಯೂನಿಟ್‌ಗೆ ಮೋಸ ಇಲ್ಲ. ನಿಜವಾಗಲೂ ಮುನ್ನೂರು, ಮುನ್ನೂರೈವತ್ತು ಯೂನಿಟ್ ಸುಡುವ ಮನೆಯವರು ಹಾಕಿಸಿದರೆ ಐದಾರು ವರ್ಷಕ್ಕೆ ದುಡ್ಡು ಕೈಸೇರುತ್ತದೆ. ಅಂದರೆ ಜಾಸ್ತಿ ಸುಟ್ಟಷ್ಟೂ ಬೇಗ ಉಳಿತಾಯ. ಕಡಿಮೆ ಸುಡುವವನು ಈ ಲೆಕ್ಕದಲ್ಲಿ ದಡ್ಡ.

ಮಹಡಿ ಮೇಲೆ ಹೋದರೆ ಇನ್ನೊಂದು ಕಥೆ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಕೂರಬೇಕು, ನೆರಳು ಬೀಳದ 300 ಚದರಡಿ ಜಾಗ ಬೇಕು ಅಂದ ಹುಡುಗ. ನಮ್ಮ ನೀರಿನ ಟ್ಯಾಂಕು ಇರುವುದು ನೈಋತ್ಯದಲ್ಲಿ. ಪಕ್ಕದ ಮನೆಯದೂ ನೈಋತ್ಯದಲ್ಲಿ. ಕಣ್ಣು ಹಾಯಿಸಿದಷ್ಟೂ ಕಪ್ಪು ಸಿಂಟೆಕ್ಸುಗಳು ನೈಋತ್ಯದಲ್ಲೇ ಎತ್ತರಕ್ಕೆ ಕೂತಿವೆ. ವಾಸ್ತು! ಮಧ್ಯಾಹ್ನ ಮೂರಾದರೆ ಸಾಕು, ಊರಿನ ಅಷ್ಟೂ ಮಹಡಿಗಳಲ್ಲಿ ವಾಸ್ತುಪುರುಷ ಸೂರ್ಯನಿಗೆ ಅಡ್ಡ ನಿಲ್ಲುತ್ತಾನೆ. ಹುಡುಗ ಮೆಲ್ಲಗೆ, "ಟ್ಯಾಂಕ್ ಈಶಾನ್ಯಕ್ಕೆ ಹಾಕ್ಬೋದಾ ಸಾರ್?" ಅಂದ. ಅಮ್ಮ ಕೆಳಗಿನಿಂದಲೇ "ಏನಂದ?" ಅಂತ ಕೂಗಿದರು. ಆ ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ಕಡೆ ನೀರು ಕಾಯಿಸುವ ಹಳೇ ಸೋಲಾರು. ಮತ್ತೊಂದು ಕಡೆ ಪಕ್ಕದವರ ತೆಂಗಿನ ಮರ. ಒಂದು ಪ್ಯಾನಲ್ ಮೇಲೆ ಗರಿಯ ನೆರಳು ಬಿದ್ದರೂ ಅದರ ಜೊತೆ ಕಟ್ಟಿದ ಸಾಲು ಪೂರ್ತಿ ಮಂಕಾಗುತ್ತದಂತೆ. ಸರಪಳಿಯಲ್ಲಿ ಕಟ್ಟಿದ ಮೇಲೆ ಒಬ್ಬ ಕುಂಟಿದರೆ ಎಲ್ಲರೂ ಕುಂಟಬೇಕು. ಉಳಿದ ಜಾಗದಲ್ಲಿ ಅಮ್ಮನ ಹಳೇ ಸೀರೆ ಹಾಸಿತ್ತು, ಅದರ ಮೇಲೆ ಅಕ್ಕಿ ಸಂಡಿಗೆ. ನಮ್ಮ ಮಹಡಿಯಲ್ಲಿ ಇವತ್ತಿನವರೆಗೂ ಲಾಭದಲ್ಲಿ ನಡೆದಿರುವ ಸೋಲಾರ್ ಯೋಜನೆ ಅದೊಂದೇ. ಬಂಡವಾಳ ಒಂದು ಹರಿದ ಸೀರೆ, ಕಾಗೆ ಓಡಿಸಲು ಒಂದು ಕಪ್ಪು ಕೊಡೆ. ಬೆಳಗ್ಗೆ ಹಾಕಿದ್ದು ಮೂರು ದಿನಕ್ಕೆ ಡಬ್ಬ ಸೇರುತ್ತದೆ. ಟೇಪು ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟ ಹುಡುಗ ಎರಡು ಸಾಲು ಸಂಡಿಗೆ ತುಳಿದ. ಅದಕ್ಕೆ ಸಬ್ಸಿಡಿ ಇರಲಿಲ್ಲ.

ಸೋಲಾರ್ ಹಾಕಿಸಿಕೊಂಡವರ ಸುಖ ಹೇಗಿದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ನನ್ನ ಭಾಮೈದ ಹಾಕಿಸಿದ್ದಾನೆ. ಕೂಡು ಕುಟುಂಬ, ಎರಡು ಫ್ರಿಜ್ಜು, ಮೂರು ಟಿವಿ. ಅವನ ಲೆಕ್ಕ ಸರಿ ಇದೆ. ಪ್ಯಾನಲ್ ಕೂರಿಸಲು ಒಂದೂವರೆ ದಿನ ಹಿಡಿಯಿತು. ಬಂದದ್ದು, ಹೋದದ್ದು ಎರಡನ್ನೂ ಎಣಿಸುವ ಮೀಟರು ಬರಲು ಒಂದೂವರೆ ತಿಂಗಳು. ಅಲ್ಲಿಯವರೆಗೂ ಪ್ಯಾನಲ್‌ಗಳು ಹೊಸ ಅಳಿಯನ ಹಾಗೆ ಸುಮ್ನೆ ಬಿಸಿಲು ಕಾಯಿಸಿಕೊಂಡು ಕೂತಿದ್ದವು.

ಮೊನ್ನೆ ಮುದ್ದೆ, ಬಸ್ಸಾರು ಊಟಕ್ಕೆ ಕರೆದ. ಮಧ್ಯಾಹ್ನ ಹನ್ನೆರಡೂವರೆ. ನೆತ್ತಿ ಸುಡುವ ಬಿಸಿಲು. ಒಳಗೆ ಅವನ ಹೆಂಡತಿ ಒರಳು ಕಲ್ಲಿನ ಮುಂದೆ ಕೂತು ಖಾರ ಅರೆಯುತ್ತಿದ್ದಳು.

"ಮಿಕ್ಸಿ ಕೆಟ್ಟೋಯ್ತಾ?" ಅಂದೆ.

"ಕರೆಂಟಿಲ್ಲ ಕಣ್ ಭಾವ" ಅಂದ.

"ಮೇಲೆ ಮೂರು ಕಿಲೋವ್ಯಾಟ್ ಇದೆಯಲ್ಲೋ!"

"ಅದೆ. ಆದ್ರೆ ಕರೆಂಟ್ ಬಂದ್ರೇನೆ ಸೋಲಾರ್ ಬರೋದು."

ಇದು ತಮಾಷೆಯಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರು ಕೆಲಸ ಮಾಡುವುದೇ ಹೀಗೆ. ಲೈನಿನಲ್ಲಿ ಕರೆಂಟು ಹೋದ ತಕ್ಷಣ ಅದೂ ಆಫ್ ಆಗಬೇಕು. ಇಲ್ಲದಿದ್ದರೆ ನಿಮ್ಮ ಮಹಡಿಯ ಕರೆಂಟು ಲೈನಿಗೆ ಹರಿದು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು. ನ್ಯಾಯವಾದ ಕಾರಣ, ಒಪ್ಪಿಕೊಂಡೆ. ಆದರೆ ಎರಡು ಲಕ್ಷ ಸುರಿದು, ನೆತ್ತಿ ಮೇಲೆ ಸೂರ್ಯನನ್ನು ಇಟ್ಟುಕೊಂಡು, ಒರಳು ಕಲ್ಲಿನ ಮುಂದೆ ಕೂತವಳಿಗೆ ಈ ನ್ಯಾಯವನ್ನು ವಿವರಿಸುವ ಧೈರ್ಯ ನನಗಿರಲಿಲ್ಲ. ಬ್ಯಾಟರಿ ಬೇಕಾದರೆ ಬೇರೆ ದುಡ್ಡು. ಅದು ಲೆಕ್ಕಕ್ಕೆ ಸೇರಿದರೆ ಹುಡುಗನ ಐದು ವರ್ಷ ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಅಂದ ಹಾಗೆ ಭಾಮೈದನ ಊರಿನಿಂದ ಶಿವನಸಮುದ್ರ ದೂರವೇನಿಲ್ಲ. 1902ರಲ್ಲಿ ಅಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿತು. ಹುಟ್ಟಿದ ಕರೆಂಟು ಪಕ್ಕದ ಹಳ್ಳಿಗಳ ಕಡೆ ತಿರುಗಿಯೂ ನೋಡದೆ ನೂರೈವತ್ತು ಕಿಲೋಮೀಟರು ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಮನೆ ಬಾಗಿಲಲ್ಲಿ ಹುಟ್ಟಿದ ಕರೆಂಟು ಮನೆಗೆ ಸಿಗದೆ ಇರುವುದು ಆ ಕಡೆಯವರಿಗೆ ಹೊಸದೇನಲ್ಲ. ಆಗ ಹೊಳೆ ದಡದಲ್ಲಿ, ಈಗ ಮಹಡಿ ಮೇಲೆ.

ಊಟದ ಹೊತ್ತಿಗೆ ಭಾಮೈದ ಬಿಲ್ಲು ತೋರಿಸಿದ. ಮಾಡಿದ ಕರೆಂಟು, ಬಳಸಿದ ಕರೆಂಟು ಎರಡೂ ವಜಾ ಆಗಿ, ಇವನಿಂದಲೇ ಲೈನಿಗೆ ಹತ್ತು ಯೂನಿಟ್ ಹೆಚ್ಚಿಗೆ ಹೋಗಿತ್ತು. ಆದರೂ ಬಿಲ್ಲು ಬಂದಿದೆ. ಯಾಕೆ? ನಿಗದಿತ ಶುಲ್ಕ. ಕಿಲೋವ್ಯಾಟಿಗೆ ಇಷ್ಟು ಅಂತ, ನೀವು ಸ್ವಿಚ್ ಮುಟ್ಟಿದರೂ ಕೊಡಬೇಕು, ಮುಟ್ಟದಿದ್ದರೂ ಕೊಡಬೇಕು. ಇನ್ನು ಹೆಚ್ಚಾದ ಹತ್ತು ಯೂನಿಟ್ ಇದೆಯಲ್ಲ, ಸಬ್ಸಿಡಿ ಪಡೆದವರಿಗೆ ಅದರ ರೇಟು ಮೂರು ರೂಪಾಯಿಯನ್ನೂ ಮುಟ್ಟುವುದಿಲ್ಲ. ಅದೇ ಯೂನಿಟ್ ನಾವು ಅವರಿಂದ ಕೊಂಡರೆ ಆರು ರೂಪಾಯಿ ಆಸುಪಾಸು, ಮೇಲೆ ತೆರಿಗೆ. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದ ಮಹಡಿ ಸೋಲಾರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಕೊಡಿ ಅಂದಿತ್ತು. ಆಗ ಪ್ಯಾನಲ್ ದುಬಾರಿ, ನಿಜ. ಆದರೂ ಹತ್ತು ಹನ್ನೆರಡು ವರ್ಷದಲ್ಲಿ ಹೀಗೆ ರೇಟು ಬಿದ್ದ ಇನ್ನೊಂದು ಬೆಳೆ ಮಂಡ್ಯ ಜಿಲ್ಲೆಯಲ್ಲಿ ಇಲ್ಲ.

"ಕಬ್ಬು ಕೊಟ್ಟು ಸಕ್ಕರೆ ಕೊಂಡ್ಕಂಡಂಗೆ ಬುಡಿ ಭಾವ" ಅಂದ ಭಾಮೈದ. "ನಮ್ಗೇನು ಅಭ್ಯಾಸ ಇಲ್ವಾ?"

ವಾಪಸ್ ಮೈಸೂರಿಗೆ ಬಂದ ಮೇಲೆ ನಮ್ಮ ಸೊನ್ನೆ ಬಿಲ್ಲಿನ ಮೇಲೆ ಪ್ರೀತಿ ಜಾಸ್ತಿಯಾಯಿತು. ಆದರೆ ಅದನ್ನು ಕಾಪಾಡಿಕೊಳ್ಳುವುದೂ ಸುಲಭ ಅಲ್ಲ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಕೊಡುವುದಿಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೀರೋ ಅದರ ಮೇಲೆ ಶೇಕಡ ಹತ್ತು, ಅಷ್ಟೇ ಪುಕ್ಕಟೆ. ಆ ವರ್ಷ ಅಮ್ಮ ಮನೆಯಲ್ಲೆಲ್ಲ ಓಡಾಡಿ ಲೈಟು ಆರಿಸಿ ಆರಿಸಿ 160ಕ್ಕೆ ತಂದು ನಿಲ್ಲಿಸಿದ್ದರು. ನಮಗೆ ಸಿಕ್ಕಿದ್ದು 176. ಪಕ್ಕದ ಮನೆಯವರು ಹಗಲೂ ವರಾಂಡದ ಲೈಟು ಉರಿಸುತ್ತಿದ್ದರು. ಅವರಿಗೆ ಸಿಕ್ಕಿದ್ದು 198. ಅಮ್ಮ ಇವತ್ತಿಗೂ ಆ ಲೈಟಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. "ಆಗಲೇ ಹೇಳಿದ್ರೆ ನಾನೂ ಉರಿಸ್ತಿರಲಿಲ್ವಾ?"

176 ದಾಟಿದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. ಆದರೆ 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಅಂದರೆ 201ನೇ ಯೂನಿಟ್ ಒಂದಕ್ಕೇ ಹತ್ತಿರ ಹತ್ತಿರ ಒಂದೂವರೆ ಸಾವಿರ ರೂಪಾಯಿ. ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಿಂಗಳ ಕೊನೆಯಲ್ಲಿ ಬಿಸಿನೀರು ಸ್ನಾನ ಮಾಡಿದವನು ಬಂಗಾರದ ನೀರಿನಲ್ಲಿ ಮಿಂದ ಹಾಗೆ.

ಹೀಗಾಗಿ ಮೀಟರ್ ಓದಲು ಬರುವವನನ್ನು ನಮ್ಮ ಬೀದಿ ಕಾಯುವ ಹಾಗೆ ಯಾವ ನೆಂಟರನ್ನೂ ಕಾಯುವುದಿಲ್ಲ. ಈ ತಿಂಗಳು ಅವನು ಬರುವ ಹಿಂದಿನ ದಿನ ಮೀಟರ್ ನೋಡಿ ಲೆಕ್ಕ ಹಾಕಿದರೆ ತಿಂಗಳ ಬಳಕೆ 198 ಆಗಿತ್ತು. ಭಾನುವಾರ. ಅರಮನೆಯಲ್ಲಿ ಸಂಜೆ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬು ಹತ್ತುತ್ತವಲ್ಲ, ಹೆಂಡತಿ ಮಕ್ಕಳು ಆ ಪುಕ್ಕಟೆ ಬೆಳಕು ನೋಡಿಕೊಂಡು ಬರುತ್ತೇವೆ ಅಂತ ಹೋದರು. ನಾನೂ ಅಮ್ಮನೂ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು ಕತ್ತಲಲ್ಲಿ ಕೂತಿದ್ದೆವು. ಫೋನು ಬಂತು. ಅದೇ ಹುಡುಗ.

"ಸಾರ್, ಎಸಿ ತಗೊಂಡ್ರಾ?"

ನಾನು ಬಾಯಿ ತೆರೆಯುವ ಮೊದಲೇ ಕತ್ತಲಿನಿಂದ ಅಮ್ಮನ ದನಿ ಬಂತು.

"ಫೋನ್ ಇಡೋ. ಬ್ಯಾಟರಿ ಮುಗಿದ್ರೆ ಮತ್ತೆ ಚಾರ್ಜಿಗೆ ಹಾಕ್ಬೇಕಾಗುತ್ತೆ."