ಕನ್ನಡಿ ಇದ್ದರೆ ಹೊರಳಿ ನೋಡಬೇಕಿಲ್ಲವೇ? ಒಂದು ಸ್ಪಷ್ಟನೆ

‘ಬೈಕಿಗೆ ಎರಡೂ ಕನ್ನಡಿಗಳಿದ್ದು ಇಂಡಿಕೇಟರ್ ಹಾಕಿದರೆ ಸಾಕು, ತಲೆ ಹೊರಳಿಸಿದರೇ ಅಪಘಾತ’ ಎಂಬ ಸಂದೇಶ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಬೈಕ್ ಓಡಿಸುವುದು ಜೀವಕ್ಕೆ ಎರವಾದೀತು.

ಬೈಕಿನ ಕನ್ನಡಿಗಳು ಸಾಮಾನ್ಯವಾಗಿ ಉಬ್ಬುಗನ್ನಡಿಗಳಾಗಿರುವುದರಿಂದ ಹಿಂದಿನ ವಾಹನವು ಚಿಕ್ಕದಾಗಿ, ಇನ್ನೂ ದೂರದಲ್ಲಿರುವಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಸವಾರನ ಭುಜದ ಹಿಂದೆ ಪಕ್ಕಕ್ಕೆ ತಾಗಿದಂತೆ ಬರುವ ವಾಹನವು ಕನ್ನಡಿಯಿಂದ ಆಗಲೇ ಮರೆಯಾಗಿದ್ದು, ಕಣ್ಣಂಚಿಗೆ ಇನ್ನೂ ಬಂದಿರುವುದಿಲ್ಲ. ಕನ್ನಡಿಯನ್ನು ಎಷ್ಟೇ ಸರಿಯಾಗಿ ಕೂರಿಸಿದರೂ ಈ ಬ್ಲೈಂಡ್ ಸ್ಪಾಟ್ ಪೂರ್ತಿ ಇಲ್ಲವಾಗದು. ಪಿ.ಬಿ. ರಸ್ತೆಯಂಥ ಕಡೆ ಆಟೊ, ಸ್ಕೂಟರ್‌ಗಳು ಎಡದಿಂದಲೂ ನುಗ್ಗುವುದರಿಂದ ಎಡಕ್ಕೆ ತಿರುಗುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಸಂದೇಶದಲ್ಲಿ ನಿಜವಿರುವುದು ಇಷ್ಟೇ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುವುದರಿಂದ ದೀರ್ಘವಾಗಿ ಹಿಂದೆ ನೋಡುವುದು ಖಂಡಿತ ಅಪಾಯಕರ. ಆದ್ದರಿಂದ ಮೊದಲು ಕನ್ನಡಿ ನೋಡಿ, ಸಾಕಷ್ಟು ಮುಂಚೆಯೇ ಇಂಡಿಕೇಟರ್ ಹಾಕಿ, ಮುಂದಿನ ವಾಹನದಿಂದ ಅಂತರವಿದೆಯೆಂದು ಖಚಿತಪಡಿಸಿಕೊಂಡು, ಪಥ ಬದಲಿಸುವ ಮುನ್ನ ಗದ್ದವನ್ನು ಭುಜದತ್ತ ತಂದು ಕ್ಷಣಮಾತ್ರ ನೋಡಬೇಕು. ಹಾಗೆ ನೋಡುವಾಗ ಮೈ ತಿರುಗಿದರೆ ಹ್ಯಾಂಡಲ್ ಕೂಡ ವಾಲುತ್ತದೆ, ಕತ್ತು ಮಾತ್ರ ತಿರುಗಲಿ.

ಇಂಡಿಕೇಟರ್ ನಮ್ಮ ಉದ್ದೇಶವನ್ನು ತಿಳಿಸುತ್ತದೆಯೇ ಹೊರತು ದಾರಿಯ ಹಕ್ಕನ್ನು ಕೊಡುವುದಿಲ್ಲ. ಹೆಚ್ಚಿನ ಬೈಕುಗಳಲ್ಲಿ ಅದು ತಾನಾಗಿ ಆರುವುದೂ ಇಲ್ಲವಾದ್ದರಿಂದ, ತಿರುವು ಮುಗಿದೊಡನೆ ಆರಿಸದಿದ್ದರೆ ಹಿಂದಿನವರು ತಪ್ಪು ತಿಳಿಯುತ್ತಾರೆ.